ಚಿಕ್ಕಮ್ಮನ ಮಗನ ಸಾಕ್ಷಿ

ಗುರು ಮೆಲ್ಬರ್ನ್ ಬಿಟ್ಟು ಸಿಡ್ನಿಗೆ ಬಂದಾಗ ಅವನ ಎಡಗಣ್ಣು ಇನ್ನೂ ಪೂರ್ತಿ ತೆರೆಯುತ್ತಿರಲಿಲ್ಲ. ಹುಬ್ಬಿನ ಮೇಲೆ ಹೊಲಿಗೆ, ತುಟಿಯಲ್ಲಿ ಒಣಗಿದ ಗಾಯ. ವಾಸಂತಿ ಅವನನ್ನು ಪೆಂಡಲ್ ಹಿಲ್‌ನ ತನ್ನ ಮನೆಗೆ ಕರೆತಂದು, ಮೊದಲು ಬಿಸಿನೀರು ಕಾಯಿಸಿ ಸ್ನಾನಕ್ಕೆ ಕಳಿಸಿದಳು. ಗುರು ಅವಳ ಚಿಕ್ಕಮ್ಮನ ಮಗ. ಗದಗಿನಿಂದ ಬಂದು ಮೆಲ್ಬರ್ನಿನಲ್ಲಿ ಅಡುಗೆಯ ಕೋರ್ಸು ಮಾಡುತ್ತಿದ್ದ. ಆ ಕೋರ್ಸು ಮುಗಿಸಿದರೆ ಪಿಆರ್, ಅಂದರೆ ಅಲ್ಲೇ ಶಾಶ್ವತವಾಗಿ ನೆಲೆಸುವ ಅನುಮತಿ, ಸಿಗುತ್ತದೆ ಎಂದು ನಂಬಿದ್ದ ನೂರಾರು ಹುಡುಗರಲ್ಲಿ ಒಬ್ಬ. ಎರಡು ಸಾವಿರದ ಒಂಬತ್ತರ ಆ ಬೇಸಿಗೆಯಲ್ಲಿ ಇಂಥ ಹುಡುಗರಿಗೆ ರೈಲಿನಲ್ಲಿ, ಸ್ಟೇಷನ್ನಿನಲ್ಲಿ ಹೊಡೆತ ಬೀಳುತ್ತಿದ್ದ ಸುದ್ದಿ ವಾರಕ್ಕೊಂದಾದರೂ ಬರುತ್ತಿತ್ತು.

ಊಟಕ್ಕೆ ಕೂತಾಗ ವಾಸಂತಿಯ ಗಂಡ ಅಭಿನಂದನ್ ಕೇಳಿದ, "ಹೊಡ್ದೋನು ಸಿಕ್ಕಿಬಿದ್ದಿದಾನಂತಲ್ಲ? ಯಾರೋ ಅಬೊರಿಜಿನಲ್ ಅಂತೆ, ಪೇಪರ್‌ನಲ್ಲಿ ಇತ್ತು."

ಗುರು ತುತ್ತು ಕೈಯಲ್ಲೇ ಹಿಡಿದು ಕೂತ. ಆಮೇಲೆ ಅಳತೊಡಗಿದ.

"ಅಂವ ಹೊಡದಿಲ್ಲಕ್ಕಾ. ಹೊಡದವರು ಇಬ್ಬರು ಬಿಳೀ ಹುಡುಗ್ರು. ಅಂವ ಓಡಿ ಬಂದು ಬಿಡಿಸ್ದ. ತನ್ನ ಜಾಕೆಟ್ ಮಡಚಿ ನನ್ ತಲಿ ಕೆಳಗ ಇಟ್ಟು, ಆಂಬ್ಯುಲೆನ್ಸಿಗೆ ಫೋನ್ ಮಾಡ್ದ. ಪೊಲೀಸ್ರು ಬಂದಾಗ ಅವ್ರಿಬ್ಬರೂ ಓಡಿಹೋಗಿದ್ರು. ಇವನ ಕೈಗೆಲ್ಲಾ ರಕ್ತ ಇತ್ತು, ನಂದು."

"ಮತ್ತ ನೀ ಪೊಲೀಸ್ರಿಗೆ ಏನ್ ಹೇಳ್ದಿ?" ಎಂದಳು ವಾಸಂತಿ.

"ಆಸ್ಪತ್ರಿಯೊಳಗ ಫೋಟೋ ತೋರ್ಸಿದ್ರು. ಇಂವ ಅಲ್ಲಿದ್ನೇನು ಅಂತ ಕೇಳಿದ್ರು. ಹೌದು ಅಂದ್ನಿ. ಅಷ್ಟರೊಳಗ ನನಗ ನಿದ್ದಿ ಬಂತು."

ಆ ಒಂದು 'ಹೌದು' ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸಿತ್ತು. ವಾಸಂತಿ ಧಾರವಾಡದಲ್ಲಿ ಕಾನೂನು ಓದಿ, ಸಿಡ್ನಿಯಲ್ಲಿ ಮತ್ತೆ ಪರೀಕ್ಷೆ ಬರೆದು, ಅದೇ ನಗರದ ಬಡಾವಣೆಯಾದ ಲಿವರ್‌ಪೂಲ್‌ನಲ್ಲಿ ಬಡವರಿಗಾಗಿ ಇರುವ ಉಚಿತ ಕಾನೂನು ನೆರವಿನ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದವಳು. ಇಂಥದ್ದು ಎಷ್ಟು ಸುಲಭವಾಗಿ ನಡೆಯುತ್ತದೆಂದು ಅವಳಿಗೆ ಗೊತ್ತಿತ್ತು. "ಕೋರ್ಟಿನ್ಯಾಗ ಇದನ್ನ ಹೇಳ್ತೀಯೇನು?" ಎಂದಳು. ಗುರು ಕಣ್ಣೊರೆಸಿಕೊಂಡು, "ನಿನ್ನಾಣೆಗೂ ಹೇಳ್ತೀನಕ್ಕಾ," ಎಂದ.

ಮರುದಿನ ಬೆಳಿಗ್ಗೆಯೇ ಅವಳು ಮೆಲ್ಬರ್ನಿನ ಡೀನಾ ಕೆಸ್ಲರ್‌ಗೆ ಫೋನ್ ಮಾಡಿದಳು.

ಡೀನಾ ಅರವತ್ತು ದಾಟಿದ ವಕೀಲೆ. ಸಿಡ್ನಿ ಮತ್ತು ಮೆಲ್ಬರ್ನಿನ ಕೆಲವು ಯಹೂದಿ ವಕೀಲರು ಸೇರಿ ಕಟ್ಟಿಕೊಂಡಿದ್ದ ಸಣ್ಣ ಬಳಗವೊಂದಕ್ಕೆ ಅವಳೇ ಬೆನ್ನೆಲುಬು. ಎರಡು ವರ್ಷದ ಹಿಂದೆ ಸರ್ಕಾರ ಉತ್ತರದ ಮೂಲನಿವಾಸಿಗಳ, ಅಂದರೆ ಅಬೊರಿಜಿನಲ್ ಜನರ, ಊರುಗಳ ಮೇಲೆ ವಿಶೇಷ ಕಾನೂನು ಹೇರಿ, ಜನಾಂಗ ತಾರತಮ್ಯ ತಡೆಯುವ ಕಾಯ್ದೆಯನ್ನು ಅದರಿಂದ ದೂರವಿಟ್ಟಾಗ, ಈ ಬಳಗ ಅದು ಅನ್ಯಾಯವೆಂದು ಸಭೆ ಕರೆದಿತ್ತು. ಆ ಸಭೆಗೆ ಹೋಗಿದ್ದ ವಾಸಂತಿ ಅಲ್ಲೇ ಉಳಿದುಬಿಟ್ಟಳು. ಬಳಗದಲ್ಲಿ ಯಹೂದಿಯಲ್ಲದವಳು ಅವಳೊಬ್ಬಳೇ. "ನಿಮಗೇಕೆ ಈ ಉಸಾಬರಿ?" ಎಂದು ಅವಳು ಒಮ್ಮೆ ಕೇಳಿದ್ದಕ್ಕೆ ಡೀನಾ ಹೇಳಿದ್ದಳು: "ಮೂವತ್ತೆಂಟರಲ್ಲಿ ಜರ್ಮನಿಯಲ್ಲಿ ನಮ್ಮವರ ಮನೆ, ಅಂಗಡಿ ಒಡೆದು ಹಾಕಿದಾಗ, ಇದೇ ಮೆಲ್ಬರ್ನಿನಲ್ಲಿ ಒಂದಷ್ಟು ಮೂಲನಿವಾಸಿಗಳು ಪ್ರತಿಭಟನೆಯ ಪತ್ರ ಹಿಡಿದು ಜರ್ಮನ್ ಕಾನ್ಸುಲೇಟಿಗೆ ನಡೆದುಹೋದರು. ಅವರಿಗೇ ಈ ದೇಶದಲ್ಲಿ ಪೂರ್ತಿ ಹಕ್ಕಿರಲಿಲ್ಲ. ಅಲ್ಲಿ ಯಾರೂ ಪತ್ರ ತೆಗೆದುಕೊಳ್ಳಲಿಲ್ಲ. ಆದರೂ ಹೋಗಿದ್ದರು. ಅದನ್ನು ತಿಳಿದ ಮೇಲೆ ಮನೆಯಲ್ಲಿ ಸುಮ್ಮನೆ ಕೂರುವುದು ನನಗೆ ಆಗಲಿಲ್ಲ."

ಜೈಲಿನಲ್ಲಿದ್ದವನ ಹೆಸರು ಲೆನ್ನಿ. ಪಾರ್ಕುಗಳಲ್ಲಿ ಹುಲ್ಲು ಕತ್ತರಿಸುವ, ಗಿಡ ನೆಡುವ ಕೆಲಸದವನು. ಹದಿಹರೆಯದಲ್ಲಿ ಮಾಡಿಕೊಂಡ ಒಂದೆರಡು ಹೊಡೆದಾಟದ ಕೇಸುಗಳಿದ್ದುದರಿಂದ ಜಾಮೀನು ಸಿಕ್ಕಿರಲಿಲ್ಲ. ಆಂಬ್ಯುಲೆನ್ಸಿಗೆ ಫೋನ್ ಮಾಡಿದ್ದು ಹೊಡೆದ ಮೇಲೆ ಹೆದರಿ ಎನ್ನುವುದು ಪೊಲೀಸರ ವಾದ. ಡೀನಾ ಅವನ ಕೇಸು ಹಿಡಿದಳು. ವಾಸಂತಿ ಸಾಕ್ಷಿಯ ಅಕ್ಕನಾದ್ದರಿಂದ ವಕಾಲತ್ತಿನಲ್ಲಿ ಅವಳ ಹೆಸರು ಇರುವಂತಿರಲಿಲ್ಲ. ಆದರೂ ಒಂದು ಸಲ ಡೀನಾಳ ಜೊತೆ ಜೈಲಿಗೆ ಹೋಗಿ ಅವನನ್ನು ಕಂಡಳು. ಎತ್ತರದ, ಮೆಲುದನಿಯ ಮನುಷ್ಯ. ಮೊದಲು ಕೇಳಿದ್ದೇ, "ಆ ಹುಡುಗನ ಕಣ್ಣು ಉಳಿಯಿತಾ?" ಎಂದು. ಉಳಿಯಿತು, ಅವನು ಬಂದು ನಿಜ ಹೇಳುತ್ತಾನೆ ಎಂದಳು ವಾಸಂತಿ. ಲೆನ್ನಿ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಸರಿ," ಎಂದ.

ಪೊಲೀಸರ ಮುಂದೆ ಈಗಲೇ ಹೊಸ ಹೇಳಿಕೆ ಕೊಟ್ಟರೆ ಕೇಸೇ ಬಿದ್ದುಹೋಗಬಹುದು ಎಂದು ಡೀನಾ ಅಂದಳು. ಗುರು ಸ್ಟೇಷನ್ ಮೆಟ್ಟಿಲು ಹತ್ತಲು ಹೆದರಿದ. ಮಾತು ಬದಲಿಸಿದರೆ ವೀಸಾಕ್ಕೆ ಕುತ್ತು ಬರುತ್ತದೆ ಎಂಬ ಭಯ. ಅಂಥದ್ದೇನೂ ಆಗುವುದಿಲ್ಲ, ಆಸ್ಪತ್ರೆಯಲ್ಲಿ ನೀನು ಹೇಳಿದ್ದು ಸುಳ್ಳೇನಲ್ಲ, ಅರ್ಧ ಮಾತು ಅಷ್ಟೇ ಎಂದು ಡೀನಾ ವೀಸಾ ಬಲ್ಲ ತನ್ನ ಬಳಗದವರನ್ನು ಕೇಳಿ ವಿವರವಾಗಿ ಬರೆದು ಕಳಿಸಿದಳು. ಗುರು ಓದಿದ, ಅಭಿಯೂ ಓದಿದ. "ಕೋರ್ಟಿನ್ಯಾಗ ಸೀದಾ ಹೇಳಿಬಿಡ್ತೀನಕ್ಕಾ, ಪೊಲೀಸ್ರ ಕಡೆ ಬ್ಯಾಡ," ಎಂದ ಗುರು. ವಾಸಂತಿ ಒತ್ತಾಯ ಮಾಡಲಿಲ್ಲ. ಹುಡುಗ ಪೆಟ್ಟು ತಿಂದು ಬಂದಿದ್ದಾನೆ, ಇನ್ನಷ್ಟು ಹಿಂಸೆ ಬೇಡ ಅನ್ನಿಸಿತು.

ವಿಚಾರಣೆಗೆ ಕೆಲವು ದಿನ ಮೊದಲು ಸರ್ಕಾರಿ ವಕೀಲರಿಂದ ಒಂದು ಮಾತು ಬಂತು. ಲೆನ್ನಿ ಸಣ್ಣ ಆರೋಪವೊಂದನ್ನು ಒಪ್ಪಿಕೊಂಡರೆ, ಈವರೆಗೆ ಒಳಗಿದ್ದದ್ದನ್ನೇ ಶಿಕ್ಷೆಯೆಂದು ಲೆಕ್ಕ ಹಿಡಿದು ಬಿಟ್ಟುಬಿಡುತ್ತೇವೆ. ಡೀನಾ ಪೆಂಡಲ್ ಹಿಲ್‌ಗೆ ಫೋನ್ ಮಾಡಿದಳು.

"ವಾಸಂತಿ, ಒಪ್ಪಿಕೊಂಡರೆ ಅವನು ನಾಳೆಯೇ ಮನೆಗೆ ಹೋಗುತ್ತಾನೆ. ಆದರೆ ಮಾಡದ ತಪ್ಪು ಹೆಸರಿಗೆ ಅಂಟಿಕೊಳ್ಳುತ್ತದೆ. ಬೇಡ ಅಂದರೆ ಎಲ್ಲ ನಿನ್ನ ತಮ್ಮನ ಮೇಲೆ ನಿಂತಿದೆ. ಅವನು ಹೇಳುತ್ತಾನಾ?"

ಗುರು ಆಗಲೇ ಮೆಲ್ಬರ್ನಿಗೆ ವಾಪಸಾಗಿದ್ದ. ಅಭಿ ಪಕ್ಕದಲ್ಲೇ ಸೋಫಾದ ಮೇಲೆ ಕೂತು ಕ್ರಿಕೆಟ್ ನೋಡುತ್ತಿದ್ದ. ವಾಸಂತಿ ಹೇಳಿದಳು, "ನಮ್ಮ ಮನೆಯ ಹುಡುಗ ಡೀನಾ. ಹೇಳುತ್ತಾನೆ. ಅವನ ಪರವಾಗಿ ನಾನು ಮಾತು ಕೊಡುತ್ತೇನೆ."

ಲೆನ್ನಿ ಒಪ್ಪಂದ ಬೇಡವೆಂದ.

ಮೆಲ್ಬರ್ನಿನ ಕೋರ್ಟಿನಲ್ಲಿ ಲೆನ್ನಿಯ ತಾಯಿ ಮೇವಿಸ್ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಅವರಲ್ಲೂ ಹಿರಿಯ ಹೆಂಗಸರನ್ನು ಆಂಟಿ ಅಂತಲೇ ಕರೆಯುವುದು. ಆಂಟಿ ಮೇವಿಸ್ ವಾಸಂತಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಗುರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಒಳಗೆ ಬಂದ. ವಾಸಂತಿಯ ಕಡೆ ನೋಡಲಿಲ್ಲ. ಹೆದರಿಕೊಂಡಿದ್ದಾನೆ ಅಂದುಕೊಂಡಳು ಅವಳು.

ಸರ್ಕಾರಿ ವಕೀಲರು ನಡೆದದ್ದನ್ನು ಹೇಳಿ ಎಂದರು.

"ಕತ್ತಲಿತ್ತು. ಹಿಂದಿನಿಂದ ಯಾರೋ ಹೊಡೆದರು. ಬಿದ್ದೆ. ಕಣ್ಣು ತೆರೆದಾಗ ಈ ವ್ಯಕ್ತಿ ನನ್ನ ಮೇಲೆ ಬಗ್ಗಿದ್ದ," ಎಂದ ಗುರು, ಉರುಹೊಡೆದ ಇಂಗ್ಲಿಷಿನಲ್ಲಿ.

ಡೀನಾ ಎದ್ದಳು. "ಅವರು ಯಾಕೆ ಬಗ್ಗಿದ್ದರು?"

"ಗೊತ್ತಿಲ್ಲ."

"ನಿಮ್ಮ ತಲೆಯ ಕೆಳಗೆ ಒಂದು ಜಾಕೆಟ್ ಇತ್ತು. ಯಾರದು?"

"ನೆನಪಿಲ್ಲ."

"ಹೊಡೆದವರು ಬೇರೆ ಇಬ್ಬರು, ಇವರು ಬಿಡಿಸಿದವರು ಅಂತ ನಿಮ್ಮ ಅಕ್ಕನಿಗೆ ಹೇಳಿದ್ದಿರಿ, ಅಲ್ಲವೇ?"

ಗುರು ಸಾಕ್ಷಿಕಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. "ಇಲ್ಲ. ಅಕ್ಕ ತಪ್ಪು ತಿಳಿದುಕೊಂಡಿದ್ದಾರೆ."

ವಾಸಂತಿಗೆ ಎದ್ದು ನಿಂತು ಕೂಗಬೇಕೆನಿಸಿತು. ಆದರೆ ಸಾಕ್ಷಿ ನುಡಿಯುವವರು ಹೊರಗೆ ಕಾಯಬೇಕು; ಒಳಗೆ ಕೂತು ಎಲ್ಲ ಕೇಳಿದವಳನ್ನು ಇನ್ನು ಕಟ್ಟೆಗೆ ಕರೆಯುವಂತಿರಲಿಲ್ಲ. ಆಂಟಿ ಮೇವಿಸ್ ಮೆಲ್ಲಗೆ ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಲೆನ್ನಿಗೆ ಇನ್ನೂ ಒಂದು ವರ್ಷ ಜೈಲು. ಪೊಲೀಸರು ಅವನನ್ನು ಕೆಳಗೆ ಕರೆದೊಯ್ಯುವಾಗ ಅವನು ವಾಸಂತಿಯ ಎದುರು ಅರೆಕ್ಷಣ ನಿಂತ. ಬೈಯಲಿಲ್ಲ. "ಆ ಹುಡುಗ ನನಗೆ ಗೊತ್ತೇ ಇರಲಿಲ್ಲ," ಎಂದ. "ನಾನು ನಂಬಿದ್ದು ನಿನ್ನನ್ನ."

ಟ್ರಾಮ್ ಸ್ಟಾಪಿನಲ್ಲಿ ನಿಂತಿದ್ದ ಗುರುವಿನ ತೋಳು ಹಿಡಿದು ವಾಸಂತಿ ತನ್ನ ಕಡೆ ತಿರುಗಿಸಿದಳು. ಅವನ ಮುಖ ಬಿಳಿಚಿಕೊಂಡಿತ್ತು.

"ನನ್ ಜಾಗಾದಾಗ ನಿಂತು ನೋಡಕ್ಕಾ. ಅಪ್ಪ ಮನಿ ಮ್ಯಾಲೆ ಸಾಲಾ ತಗದು ಕಳಿಸ್ಯಾನ. ಏನರ ಆಗಿ ವಾಪಸ್ ಹೋದ್ರ ಏನಂತ ಮಾರಿ ತೋರಿಸ್ಲಿ? ನನಗ ಹೇಳೂ ಧೈರ್ಯ ಇತ್ತು. ಅಭಿ ಮಾಮಾನ ಬ್ಯಾಡ ಅಂದ್ರು."

"ಯಾರು?"

"ಅಭಿ ಮಾಮಾ. ನೆನಪಿಲ್ಲ ಅಂದುಬಿಡು, ಯಾರೂ ಏನೂ ಮಾಡಾಕ ಬರೂದಿಲ್ಲ ಅಂದ್ರು. ನಿನಗ ಹೇಳಬ್ಯಾಡ ಅಂತನೂ ಅಂದ್ರು. ನಾ ಮೆಲ್ಬರ್ನಿಗೆ ಹೊಳ್ಳಿ ಬರೂ ದಿನಾನ..."

ಟ್ರಾಮ್ ಬಂತು. ಗುರು ಹತ್ತಿಕೊಂಡ. ಅವಳು ತಡೆಯಲಿಲ್ಲ.

ಸಿಡ್ನಿಯ ಮನೆಗೆ ಬಂದಾಗ ಅಭಿ ಅಡುಗೆಮನೆಯಲ್ಲಿದ್ದ. ಅವಳಿಗಿಷ್ಟವೆಂದು ಬಿಸಿಬೇಳೆಬಾತ್ ಮಾಡಿದ್ದ. ಅವಳು ಬ್ಯಾಗನ್ನೂ ಕೆಳಗಿಡದೆ ಕೇಳಿದಳು.

"ಗುರುಗೆ ನೀನೇ ಹೇಳಿಕೊಟ್ಯಾ?"

ಅಭಿ ಅಲ್ಲಗಳೆಯಲಿಲ್ಲ. "ಮತ್ತೇನ್ ಮಾಡ್ಬೇಕಿತ್ತು ವಾಸಂತಿ? ಯಾರೋ ಗೊತ್ತಿಲ್ದೋನಿಗೋಸ್ಕರ ನಮ್ಮ ಹುಡುಗನ ಲೈಫ್ ರಿಸ್ಕ್ ಮಾಡೋದಾ? ಅವನಿಗೆ ಜೈಲೇನು ಹೊಸದಲ್ಲ."

"ವೀಸಾಗೆ ಏನೂ ಆಗಲ್ಲ ಅಂತ ಡೀನಾ ಬರ್ದು ಕಳ್ಸಿದ್ರು. ನೀನೂ ಓದಿದ್ದೆ."

"ಅವ್ರು ಲಾಯರ್. ಕ್ಲೈಂಟನ್ನ ಉಳ್ಸೋಕೆ ಏನ್ ಬೇಕಾದ್ರೂ ಹೇಳ್ತಾರೆ."

"ನಾನೂ ಲಾಯರೇ ಅಭಿ."

ವಾಸಂತಿ ಕೊನೆಯ ಪ್ರಶ್ನೆ ಕೇಳಿದಳು. ಉತ್ತರ ಗೊತ್ತಿದ್ದರೂ ಅವನ ಬಾಯಿಂದ ಕೇಳಬೇಕಿತ್ತು. "ಅವತ್ತು ನಾನು ಡೀನಾಗೆ ಮಾತು ಕೊಡ್ವಾಗ ನೀನು ಪಕ್ಕದಲ್ಲೇ ಕೂತಿದ್ದೆ. ಆಗ್ಲೇ ಅವನಿಗೆ ಹೇಳಿ ಆಗಿತ್ತಲ್ವಾ?"

"ನಿಂಗೆ ಹೇಳಿದ್ರೆ ನೀನು ಕೇಳ್ತಿರ್ಲಿಲ್ಲ," ಎಂದ ಅಭಿ.

ಹತ್ತು ವರ್ಷ ಜೊತೆಗೆ ಬಾಳಿದ ಗಂಡ. ಅವಳು ಒಬ್ಬ ಮನುಷ್ಯನನ್ನು ತನ್ನ ಮಾತಿನಿಂದಲೇ ಜೈಲಿನೊಳಗೆ ಕೂಡಿಹಾಕುತ್ತಿದ್ದುದನ್ನು ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದ. ಫೋನ್ ಇಟ್ಟಮೇಲೆ ಸ್ಕೋರ್ ಎಷ್ಟಾಯಿತೆಂದು ಹೇಳಿದ್ದ. ಅದು ನೆನಪಾದಾಗ ವಾಸಂತಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು, ತಾನು ಎಷ್ಟು ನಿಶ್ಚಿಂತೆಯಿಂದ ಅವನ ಪಕ್ಕ ಕೂತಿದ್ದೆನಲ್ಲ ಎಂದು.

ಬಳಗದವರು ಇನ್ನು ತನ್ನನ್ನು ಹತ್ತಿರ ಸೇರಿಸುವುದಿಲ್ಲವೆಂದೇ ಅವಳು ತಿಳಿದಿದ್ದಳು. ಡೀನಾ ಮೇಲ್ಮನವಿ ಹಾಕಿದಳು. ಮೇಲಿನ ಕೋರ್ಟಿನಲ್ಲಿ ಎಲ್ಲ ಸಾಕ್ಷಿಗಳನ್ನೂ ಹೊಸದಾಗಿ ಕೇಳುತ್ತಾರೆ. ವಾಸಂತಿ ತಾನಾಗಿಯೇ ಫೋನ್ ಮಾಡಿ, "ಅವನು ನನಗೆ ಏನು ಹೇಳಿದನೆಂದು ನಾನು ಕಟ್ಟೆ ಹತ್ತಿ ಹೇಳುತ್ತೇನೆ," ಎಂದಳು.

"ನಿನ್ನ ಮೇಲೆ ನನಗೆ ಕೋಪ ಇದೆ," ಎಂದಳು ಡೀನಾ. "ನನ್ನ ಮೇಲೂ ಇದೆ, ನಿನ್ನ ಮಾತು ಕೇಳಿ ಅವನಿಗೆ ಸಲಹೆ ಕೊಟ್ಟವಳು ನಾನು. ಆದರೆ ಬಾ. ನನ್ನ ತಾಯಿಯನ್ನು ಊರಿನಿಂದ ಹೊರಗೆ ಹಾಕಿದಾಗ ಕಿಟಕಿಯಲ್ಲಿ ನಿಂತು ನೋಡಿದವರು ಬಹಳ ಜನ. ಯುದ್ಧ ಮುಗಿದ ಮೇಲೆ ಕೇಳಿದರೆ ಯಾರಿಗೂ ನೆನಪಿರಲಿಲ್ಲ. ಹೇಳುತ್ತೇನೆ ಅಂತ ಬಂದವಳನ್ನು ನಾನು ಹಿಂದಕ್ಕೆ ಕಳಿಸಲಾರೆ."

ಗದಗಿನಿಂದ ಚಿಕ್ಕಮ್ಮ ಫೋನ್ ಮಾಡಿದಳು. "ಎತ್ತಿ ಆಡಿಸಿದ ಕೂಸನ್ನ ಸುಳ್ಳಬುರುಕ ಅಂತ ಕೋರ್ಟಿನ್ಯಾಗ ಹೇಳ್ತೀಯೇನ ವಾಸಂತಿ? ಯಾವ ಜಾತಿಯವ್ನೋ, ಯಾವ ದೇಶದವ್ನೋ, ಅಂವ ನಿನಗ ಹೆಚ್ಚಾದ್ನೇನು?" ವಾಸಂತಿ ಎಲ್ಲ ವಿವರಿಸಿದಳು. ಆ ಮನುಷ್ಯ ಬರದಿದ್ದರೆ ನಿನ್ನ ಮಗ ಬದುಕುತ್ತಿರಲಿಲ್ಲ ಚಿಕ್ಕಮ್ಮ ಎಂದಳು. ಚಿಕ್ಕಮ್ಮ ಫೋನ್ ಇಟ್ಟಳು. ಮತ್ತೆಂದೂ ಮಾಡಲಿಲ್ಲ.

ನವೆಂಬರಿನಲ್ಲಿ ಮೇಲಿನ ಕೋರ್ಟು ಕೂತಿತು. ಗುರು ಮೊದಲಿನಂತೆಯೇ ನೆನಪಿಲ್ಲ ಎಂದ. ಈ ಸಲ ಹೊರಗೆ ಕಾಯುತ್ತಿದ್ದ ವಾಸಂತಿಯನ್ನು ಆಮೇಲೆ ಕರೆದರು. ಊಟದ ಮೇಜಿನಲ್ಲಿ ಗುರು ಆಡಿದ ಮಾತನ್ನು ಅವಳು ಮೊದಲು ಕನ್ನಡದಲ್ಲೇ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು. ಜಾಕೆಟ್ಟಿನ ವಿಷಯಕ್ಕೆ ಬಂದಾಗ ಗುರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನ್ಯಾಯಾಧೀಶರು ಅದನ್ನು ನೋಡಿದರು. ಈ ಸಾಕ್ಷಿಯನ್ನು ನಂಬಿ ಯಾರನ್ನೂ ಶಿಕ್ಷಿಸಲಾಗದು ಎಂದು ಲೆನ್ನಿಯನ್ನು ಬಿಟ್ಟರು.

ಗುರುವಿನ ವೀಸಾದ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಹೊರಗೆ ಬಳಗದವರೆಲ್ಲ ಲೆನ್ನಿಯ ಸುತ್ತ ನೆರೆದಿದ್ದರು. ಅಷ್ಟರಲ್ಲಿ ಅವನ ಕೆಲಸ ಹೋಗಿತ್ತು, ಬಾಡಿಗೆ ಮನೆ ಬೇರೆಯವರ ಪಾಲಾಗಿತ್ತು. ಬಳಗದ ಒಬ್ಬರು ಆಗಲೇ ಯಾರಿಗೋ ಫೋನ್ ಮಾಡಿ ಅವನಿಗೊಂದು ಕೆಲಸ ವಿಚಾರಿಸುತ್ತಿದ್ದರು. ವಾಸಂತಿ ದೂರದಲ್ಲೇ ನಿಂತಿದ್ದಳು. ಆಂಟಿ ಮೇವಿಸ್ ಅವಳ ಬಳಿಗೆ ಬಂದಳು.

"ಥ್ಯಾಂಕ್ಸ್ ಹೇಳಲಾರೆ ನಾನು," ಎಂದಳು.

"ಹೇಳಬೇಡಿ ಆಂಟಿ."

"ನಿನ್ನವರು ನಿನಗೂ ಮೋಸ ಮಾಡಿದರಂತೆ. ಡೀನಾ ಹೇಳಿದಳು." ಹಾಗೆಂದು ಮಗನಿದ್ದ ಕಡೆ ನಡೆದಳು.

ಸಿಡ್ನಿಯ ಏರ್‌ಪೋರ್ಟಿನಲ್ಲಿ ಅಭಿ ಕಾದಿದ್ದ. ಇಷ್ಟು ತಿಂಗಳೂ ಇಬ್ಬರೂ ಒಂದೇ ಮನೆಯಲ್ಲಿ, ಬೇಕಾದಷ್ಟೇ ಮಾತಾಡಿಕೊಂಡು ಇದ್ದವರು. ಅವನು ಅವಳ ಬ್ಯಾಗಿಗೆ ಕೈ ಚಾಚಿದ. "ಬಿಟ್ರಂತೆ ಅವನ್ನ. ಒಳ್ಳೇದಾಯ್ತು. ಎಲ್ಲಾ ಮುಗೀತಲ್ಲ, ಇನ್ನಾದ್ರೂ ನಾರ್ಮಲ್ ಆಗಿ ಇರೋಣ ಬಾ."

ಅವನ ದನಿಯಲ್ಲಿ ಕಪಟವಿರಲಿಲ್ಲ. ಎಲ್ಲ ಮುಗಿಯಿತೆಂದು ನಿಜಕ್ಕೂ ನಂಬಿದ್ದ.

"ನಾನು ಲಿವರ್‌ಪೂಲ್‌ಗೆ ಹೋಗ್ತೀನಿ ಅಭಿ," ಎಂದಳು ವಾಸಂತಿ. "ಆಫೀಸಲ್ಲಿ ನನ್ ಜೊತೆ ಕೆಲ್ಸ ಮಾಡೋ ಪ್ರಾರ್ಥನಾಳ ಮನೇಲಿ ಒಂದು ರೂಮಿದೆ. ನನ್ ಸಾಮಾನು ಶನಿವಾರ ಬಂದು ತಗೊಂಡ್ ಹೋಗ್ತೀನಿ."

"ಒಂದು ತಪ್ಪಿಗೆ ಇಷ್ಟೊಂದಾ?"

ಯಾವುದು ತಪ್ಪೆಂದು ಅವನು ತಿಳಿದಿದ್ದಾನೋ ಕೇಳಬೇಕೆನಿಸಿತು. ಆದರೆ ಬ್ಯಾಗನ್ನು ತಾನೇ ಎತ್ತಿಕೊಂಡು ರೈಲಿನ ಕಡೆಗೆ ಎಸ್ಕಲೇಟರ್ ಇಳಿದಳು. ಪ್ಲಾಟ್‌ಫಾರ್ಮಿನಲ್ಲಿ ಸಂಜೆಯ ಗದ್ದಲವಿತ್ತು. ರೈಲು ಬಂದು ನಿಂತಾಗ ಜನರ ನಡುವೆ ಜಾಗ ಮಾಡಿಕೊಂಡು ಒಳಗೆ ಹೋಗಿ, ಕಂಬ ಹಿಡಿದು ನಿಂತಳು.