ಇನ್ನೊಮ್ಮೆ ನೋಡುವವಳು

ಅಮ್ಮ ಮನೆಗೆ ಬೀಗ ಹಾಕಿ ಇಪ್ಪತ್ತು ಹೆಜ್ಜೆ ನಡೆದ ಮೇಲೆ ತಪ್ಪದೆ ಹಿಂದಿರುಗುತ್ತಿದ್ದಳು. ಬೀಗವನ್ನು ಜಗ್ಗಿ, ಅದು ಕೊಟ್ಟ ಉತ್ತರದಿಂದ ತೃಪ್ತಳಾಗದೆ ಮತ್ತೊಮ್ಮೆ ಜಗ್ಗಿ, ಬಾಗಿಲಿನ ಸಂದಿಗೆ ಮೂಗು ತಂದು ಗ್ಯಾಸಿನ ವಾಸನೆಯೇನಾದರೂ ಬರುತ್ತಿದೆಯೇ ಎಂದು ಪರೀಕ್ಷಿಸಿ, ತಪ್ಪಿತಸ್ಥಳ ಮುಖ ಹೊತ್ತು ನನ್ನ ಬಳಿಗೆ ಬರುತ್ತಿದ್ದಳು. ಬೀದಿಯಲ್ಲಿ ಗೋಡೆಗೆ ಅಂಟಿಕೊಂಡು, ನೆಲವೆಲ್ಲಿ ಕುಸಿದೀತೋ ಎಂಬಂತೆ ಅಳೆದಳೆದು ಇಡುವ ಆ ಹೆಜ್ಜೆಯನ್ನು ದೂರದಿಂದಲೇ ಗುರುತಿಸಿ ನನ್ನ ಗೆಳತಿಯರು, "ನಿಮ್ಮಮ್ಮ ಬರ್ತಿದಾರೆ ನೋಡೇ, ತಲೆ ಮೇಲೆ ತುಂಬಿದ ಕೊಡ ಇದ್ದ ಹಾಗೆ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹತ್ತೊಂಬತ್ತರ ವಯಸ್ಸಿಗೆ ತಾಯಿಯ ಭಯಗಳಷ್ಟು ಹಾಸ್ಯಾಸ್ಪದವಾದದ್ದು ಇನ್ನೊಂದು ಕಾಣುವುದಿಲ್ಲ.

ಅವಳು ದೊಡ್ಡಾಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ನಿಂತವಳು. ಯಾರದೋ ಅಳತೆಗೆ ಹೊಲಿದು ಇವಳ ಪಾಲಿಗೆ ಬಂದ ಬಿಳಿಯ ಕೋಟು, ಎಂಥ ಸೆಕೆಯಲ್ಲೂ ಕೊರಳಿನವರೆಗೆ ಹಾಕಿದ ಗುಂಡಿ, ಜೇಬಿನಲ್ಲಿ ಬೆರಳುದ್ದದ ಕೆಂಪು ಪೆನ್ಸಿಲು. ವೈದ್ಯರ ಚೀಟಿಯ ಪಕ್ಕದಲ್ಲಿ ಮಾತ್ರೆಯ ಸ್ಟ್ರಿಪ್ಪನ್ನಿಟ್ಟು, ಒಂದೊಂದು ಅಕ್ಷರದ ಕೆಳಗೂ ಪೆನ್ಸಿಲಿನ ಮೊನೆಯನ್ನು ನಿಲ್ಲಿಸುತ್ತ, ಸದ್ದಿಲ್ಲದೆ ತುಟಿಯಾಡಿಸುತ್ತ ಓದಿ, ಕೊಡುವಂತೆ ಕೈ ಚಾಚಿ, ಮರುಕ್ಷಣ ಹಿಂದಕ್ಕೆಳೆದುಕೊಂಡು "ತಡೀರಿ, ಇನ್ನೊಮ್ಮೆ ನೋಡ್ತೀನಿ" ಅನ್ನುತ್ತಿದ್ದಳು. ಸಹೋದ್ಯೋಗಿಗಳು ಅವಳಿಗಿಟ್ಟ ಹೆಸರೇ ಇನ್ನೊಮ್ಮೆ ಮೇಡಂ. ಸಾಲಿನಲ್ಲಿ ನಿಂತವರೊಬ್ಬರು ಒಮ್ಮೆ, "ಏನಮ್ಮಾ, ಮಾತ್ರೆ ಕೈಗೆ ಬರೋ ಹೊತ್ತಿಗೆ ಕಾಯಿಲೆನೇ ಬೇಜಾರಾಗಿ ಎದ್ದು ಹೋಗತ್ತೆ" ಎಂದಿದ್ದರಂತೆ. ಅದನ್ನು ಮನೆಯಲ್ಲಿ ಹೇಳಿಕೊಂಡು ಅವಳೇ ಹೊಟ್ಟೆ ಹಿಡಿದು ನಕ್ಕಿದ್ದಳು.

ಅಂಥವಳು ಒಂದೇ ಒಂದು ದಿನ ಇನ್ನೊಮ್ಮೆ ನೋಡಲಿಲ್ಲ.

ಆ ಬೆಳಗ್ಗೆ ಸಾಲು ಗೇಟಿನವರೆಗೆ ಬೆಳೆದಿತ್ತು. ಔಷಧಿ ವಿಭಾಗದ ಮುಖ್ಯಸ್ಥರು ಎಲ್ಲರೆದುರಿಗೆ, "ಸ್ವಲ್ಪ ಕೈ ಚುರುಕು ಮಾಡಿ ಮೇಡಂ, ನಾವಿಲ್ಲಿ ಕಾಗುಣಿತ ಕಲಿಸ್ತಿಲ್ಲ" ಎಂದು ಗದರಿ ಹೋದರು. ಅವಮಾನಕ್ಕೆ ಕಿವಿ ಕೆಂಪಾದ ಅಮ್ಮ ಆಮೇಲಿನ ಒಂದು ಗಂಟೆ ಎಲ್ಲರಂತೆ ಚುರುಕಾಗಿ ಕೆಲಸ ಮಾಡಿದಳು.

ಮಧ್ಯಾಹ್ನ ಕಾಲೇಜಿನ ಅರ್ಜಿಗೆ ಅವಳ ಸಹಿ ಬೇಕೆಂದು ನಾನು ಹೋದಾಗ ಕೌಂಟರಿನ ಕಿಟಕಿ ಮುಚ್ಚಿತ್ತು. ಉಳಿದ ಮಾತ್ರೆಗಳನ್ನು ಚೀಟಿಗಳೊಂದಿಗೆ ತಾಳೆ ನೋಡುತ್ತಿದ್ದ ಅವಳ ಕೈ ಇದ್ದಕ್ಕಿದ್ದಂತೆ ನಿಂತಿತು. ರಕ್ತದೊತ್ತಡದ ಮಾತ್ರೆಯ ಸ್ಟ್ರಿಪ್ಪು ಒಂದು ಹೆಚ್ಚಿಗೆ ಉಳಿದಿತ್ತು. ಸಕ್ಕರೆ ಕಾಯಿಲೆಯ ಮಾತ್ರೆಯದು ಒಂದು ಕಡಿಮೆಯಿತ್ತು. ಎರಡರದೂ ಒಂದೇ ಥರದ ನೀಲಿ ಪೆಟ್ಟಿಗೆ, ಹೆಸರಿನಲ್ಲಿ ಎರಡಕ್ಷರದ ವ್ಯತ್ಯಾಸ, ಒಂದೇ ಗೂಡಿನಲ್ಲಿ ಅಕ್ಕಪಕ್ಕದ ವಾಸ.

"ಲೆಕ್ಕ ತಪ್ಪಿರಬೇಕು ಬಿಡಮ್ಮ" ಎಂದೆ.

"ಲೆಕ್ಕ ತಪ್ಪಿದ್ರೆ ಪುಣ್ಯ ಕಣೇ."

ರಕ್ತದೊತ್ತಡದ ಆ ಮಾತ್ರೆಗೆ ಚೀಟಿ ತಂದವರು ಅಂದು ಇಬ್ಬರೇ: ಆಸ್ಪತ್ರೆಯೆದುರಿನ ಕ್ಷೌರದಂಗಡಿಯವನು, ನೀರಿನ ಟ್ಯಾಂಕಿನ ಹಿಂದಿನ ಓಣಿಯಲ್ಲಿರುವ ಹೊಲಿಗೆಯ ಅಜ್ಜಿ. ಪಕ್ಕದ ಕೌಂಟರಿನವಳಿಗೆ ವಿಷಯ ತಿಳಿಸಿ ಅಮ್ಮ ಹೊರಟಳು. ಅರ್ಜಿ ಹಿಡಿದುಕೊಂಡೇ ನಾನು ಹಿಂದೆ. ಕ್ಷೌರಿಕ ಗಿರಾಕಿಯ ಅರ್ಧ ಕೆನ್ನೆಯ ನೊರೆಯನ್ನು ಹಾಗೇ ಬಿಟ್ಟು, ಜೇಬಿನಿಂದ ಪೊಟ್ಟಣ ತೆಗೆದು ತೋರಿಸಿದ. ಮಾತ್ರೆ ಸರಿಯಾಗಿಯೇ ಇತ್ತು. "ಸರಿಯಾಗಿದೆಯಲ್ಲಮ್ಮ, ಇನ್ಯಾಕೆ ಗಾಬರಿ?" ಎಂದು ಅವನು ನಕ್ಕರೆ ಅಮ್ಮನ ಮುಖ ಬಿಳಿಚಿಕೊಂಡಿತು. ಅವನದು ಸರಿಯಿದ್ದರೆ ತಪ್ಪಿದ್ದು ಯಾರದೆಂದು ಹೇಳಬೇಕಾಗಿರಲಿಲ್ಲ.

ಅಮ್ಮ ಓಡಿದ್ದನ್ನು ನಾನು ಜೀವಮಾನದಲ್ಲಿ ಕಂಡದ್ದು ಅದೊಂದೇ ಸಲ. ಕೋಟಿನ ಅಂಚು ಮೊಣಕಾಲಿಗೆ ಬಡಿಯುತ್ತಿತ್ತು, ಜನ ದಾರಿ ಬಿಟ್ಟು ನಿಂತು ನೋಡುತ್ತಿದ್ದರು. ಅವಳು ನಡುನಡುವೆ ಏದುಸಿರಿನಲ್ಲಿ "ಊಟ ಮಾಡಿರಲಿ, ಊಟ ಮಾಡಿರಲಿ" ಎಂದು ಗೊಣಗುತ್ತಿದ್ದಳು. ಹಸಿದ ಹೊಟ್ಟೆಯಲ್ಲಿ, ರಕ್ತದ ಸಕ್ಕರೆ ಇಳಿಸುವ ಆ ಮಾತ್ರೆ ಮುದಿಜೀವವನ್ನು ಏನು ಮಾಡಬಲ್ಲುದೆಂದು ನನಗಾಗ ತಿಳಿದಿರಲಿಲ್ಲ.

ಬಾಗಿಲು ತೆರೆದವಳು ಸೊಸೆ. "ಅತ್ತೆ ಊಟ ಬೇಡ ಅಂದ್ರು. ಹೊಸ ಮಾತ್ರೆ ತಗೊಂಡು ಮಲಗಿದಾರೆ. ಯಾಕೆ?"

ಅಮ್ಮ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದಳು. ಹೊಲಿಗೆ ಯಂತ್ರದ ಪಕ್ಕದ ಮಂಚದಲ್ಲಿ ಅಜ್ಜಿ ಬೆವರಿನಲ್ಲಿ ತೊಯ್ದು, ಕರೆದರೆ ಅರೆಗಣ್ಣು ತೆರೆದು ಏನನ್ನೋ ತೊದಲುತ್ತಿದ್ದರು. "ನೀರಿಗೆ ಸಕ್ಕರೆ ಹಾಕಿ ತಾರಮ್ಮ, ಜಾಸ್ತಿ ಹಾಕು, ಬೇಗ!" ಬೆನ್ನಿಗೆ ತೋಳು ಕೊಟ್ಟು ಎಬ್ಬಿಸಿ ಕೂರಿಸಿ, ಚಮಚೆ ಚಮಚೆಯಾಗಿ, ಒಂದು ಗುಟುಕು ಇಳಿದದ್ದನ್ನು ಗಂಟಲ ಮೇಲೆ ನೋಡಿಯೇ ಇನ್ನೊಂದನ್ನು ಕೊಟ್ಟಳು. ಅಜ್ಜಿ ಸ್ವಲ್ಪ ಕಣ್ಣುಬಿಟ್ಟ ಮೇಲೆ ಗಾಡಿ ಹಿಡಿದು ಆಸ್ಪತ್ರೆಗೆ ಸಾಗಿಸಿದೆವು. ಕೈಗೆ ಗ್ಲೂಕೋಸು ಏರಿಸಿದ ವೈದ್ಯರು, ಒಂದು ಗಂಟೆ ತಡವಾಗಿದ್ದರೆ ಏನೂ ಹೇಳುವಂತಿರಲಿಲ್ಲ, ನಾಳೆಯವರೆಗೆ ಕಣ್ಣಿಟ್ಟಿರಬೇಕು ಎಂದರು.

ವಾರ್ಡಿನ ಹೊರಗೆ ಸೊಸೆ ಅಮ್ಮನ ಎರಡೂ ಕೈ ಹಿಡಿದುಕೊಂಡಳು. "ದೇವರು ಬಂದ ಹಾಗೆ ಬಂದ್ರಿ ಅಕ್ಕಾ. ನಿಮಗೆ ಹೇಗೆ ಗೊತ್ತಾಯ್ತು?"

ನಾನು ಅಮ್ಮನ ಮೊಣಕೈ ಚಿವುಟಿದೆ. ಸುಮ್ಮನಿರು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಬಗೆ ನನಗೆ ತಿಳಿದಿರಲಿಲ್ಲ.

"ದೇವರೂ ಅಲ್ಲ, ಏನೂ ಅಲ್ಲಮ್ಮ. ತಪ್ಪು ಮಾತ್ರೆ ಕೊಟ್ಟಿದ್ದು ನಾನೇ."

ಹಿಡಿದ ಕೈಗಳು ನಿಧಾನವಾಗಿ ಸಡಿಲವಾದವು. ಬೈದಿದ್ದರೆ ಚೆನ್ನಾಗಿತ್ತು. ಆಕೆ "ನೀವು ಇಲ್ಲಿಂದ ಹೋಗಿ" ಎಂದಷ್ಟೇ ಹೇಳಿ ಗೋಡೆಯ ಕಡೆಗೆ ತಿರುಗಿದಳು. ಅಮ್ಮ ಹೋಗಲಿಲ್ಲ, ಆಕೆಯ ಕಣ್ಣಿಗೆ ಬೀಳದಂತೆ ಮೆಟ್ಟಿಲ ತಿರುವಿನಲ್ಲಿ ಕುಳಿತು, ದಾದಿ ಹೊರಗೆ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಮರುದಿನ ಬೆಳಗ್ಗೆ ಅಜ್ಜಿ ಎದ್ದು ಕುಳಿತು ಕಾಫಿ ಕೇಳಿದರೆಂದು ತಿಳಿದ ಮೇಲೆ ಮುಖ್ಯಸ್ಥರ ಕೋಣೆಗೆ ನಡೆದಳು.

"ಅಜ್ಜಿ ಬದುಕಿದಾರಲ್ಲ, ಬರೆದು ಕೊಟ್ಟು ಯಾಕೆ ಮೈಮೇಲೆ ಎಳ್ಕೊಳ್ತೀರಿ?" ಎಂದರಂತೆ ಅವರು. ಅವಳು ಬರೆದೇ ಕೊಟ್ಟಳು. ಅವರು ಅವಸರ ಮಾಡಿದರೆಂಬ ಒಂದು ಸಾಲೂ ಅದರಲ್ಲಿರಲಿಲ್ಲ. ಎರಡು ಪೆಟ್ಟಿಗೆಗಳನ್ನು ಬೇರೆ ಬೇರೆ ಗೂಡಿನಲ್ಲಿ ಇಡಬೇಕೆಂಬ ಬಿನ್ನಹವಿತ್ತು. ಪೆಟ್ಟಿಗೆಗಳು ಬೇರೆಯಾದವು. ಅಮ್ಮನನ್ನು ಒಂದು ವರ್ಷ, ಬೆಳಕು ಕಡಿಮೆಯಿದ್ದ ದಾಸ್ತಾನು ಕೋಣೆಗೆ ಹಾಕಿದರು. ಸೊಸೆ ದಾರಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದಳು. ಆ ಶಿಕ್ಷೆಯನ್ನೂ ಅಮ್ಮ ನ್ಯಾಯವೆಂದೇ ಸ್ವೀಕರಿಸಿದಳು.

ಒಂದು ದಿನ ಸಿಟ್ಟು ತಡೆಯಲಾರದೆ ಕೇಳಿದೆ: "ಆವತ್ತು ಬಾಯಿ ಮುಚ್ಕೊಂಡು ಇದ್ದಿದ್ರೆ ಏನಾಗ್ತಿತ್ತಮ್ಮ?"

"ಏನೂ ಆಗ್ತಿರಲಿಲ್ಲ ಕಣೇ" ಎಂದಳು. "ಅದಕ್ಕೇ ಹೆದರಿಕೆಯಾಯ್ತು."

ನಾನೀಗ ಕಟ್ಟಡಗಳ ಲಿಫ್ಟು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ನನ್ನ ಸಹಿ ಬೀಳುವುದು ತಡವೆಂದು ಮಾಲೀಕರು ಗೊಣಗಿದಾಗ ಕಿವಿ ನನಗೂ ಕೆಂಪಾಗುತ್ತದೆ. ಆದರೂ ಲಿಫ್ಟಿನ ಉಕ್ಕಿನ ಹಗ್ಗದ ಎಳೆಗಳನ್ನು ಮತ್ತೆ ಮೊದಲಿನಿಂದ ಮುಟ್ಟಿ ನೋಡುತ್ತೇನೆ.

ಇಂಥವರೊಡನೆ ಬಾಳುವುದು ಸುಲಭವಲ್ಲ. ಅವರ ತಳಮಳ ಮನೆಯವರ ನಿದ್ದೆಯನ್ನೂ ಕೆಡಿಸುತ್ತದೆ. ಧೈರ್ಯಶಾಲಿಗಳ ಪಟ್ಟಿಯಲ್ಲಿ ಅವರ ಹೆಸರನ್ನು ಯಾರೂ ಬರೆಯುವುದಿಲ್ಲ. ಆದರೆ ಪೊಟ್ಟಣವನ್ನು ನೋಡದೆಯೇ ನಾವು ಮಾತ್ರೆ ನುಂಗುವಾಗ, ಸೇತುವೆಯ ಮೇಲೆ ಹಾಯುವ ಬಸ್ಸಿನಲ್ಲಿ ತೂಕಡಿಸುವಾಗ, ನಮ್ಮ ಪಾಲಿನ ಭಯವನ್ನು ಯಾರೋ ಮೊದಲೇ ಪಟ್ಟು ಮುಗಿಸಿರುತ್ತಾರೆ. ಲೋಕದ ನಿಶ್ಚಿಂತೆಯೆಲ್ಲ ಅಂಥ ಕೆಲವರ ಚಿಂತೆಯಿಂದ ತಂದ ಎರವಲು.