ಗಿಡ್ಡ ಟೊಮೆಟೊಗೆ ಮೀನು ನೀರು ಬೇಡ

ಅರಬ್ ನಾಡಿನ ಬನಿಯಾಸಿನ ಆ ಹಳೆಯ ವಿಲ್ಲಾದಲ್ಲಿ ನಾಲ್ಕು ಸಂಸಾರ. ಡಿಸೆಂಬರ್ ಕೊನೆಯ ವಾರ ನಾಲ್ಕೂ ಮನೆಯವರು ಅಂಗಳವನ್ನು ಮೂಗು ಮುಚ್ಚಿಕೊಂಡೇ ದಾಟಿದರು. ನಾತ ಎಲ್ಲಿಂದ ಬರುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ. ಒಬ್ಬರು ಚರಂಡಿ ಎಂದರು, ಇನ್ನೊಬ್ಬರು ಎಲ್ಲೋ ಇಲಿ ಸತ್ತಿದೆ ಎಂದರು. ಬೀದಿಯ ಬೆಕ್ಕುಗಳಿಗೆ ಮಾತ್ರ ಸರಿಯಾದ ವಿಳಾಸ ಗೊತ್ತಿತ್ತು. ಅವು ಅಂಗಳದ ಮೂಲೆಯ ಪ್ಲಾಸ್ಟಿಕ್ ಹಸಿರುಮನೆಯ ಸುತ್ತ ಬೆಳಗಿನಿಂದ ಸಂಜೆಯವರೆಗೆ ಕಾವಲು ಕೂತಿದ್ದವು.

ಹಸಿರುಮನೆ ದೊಡ್ಡದೇನಲ್ಲ. ಸಪೂರ ಸರಳುಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹಿಂದೊಂದು ಮುಂದೊಂದು ಝಿಪ್ಪಿನ ಬಾಗಿಲು. ಬಗ್ಗಿ ಒಳಗೆ ಹೋದರೆ ಒಬ್ಬರು ನಿಲ್ಲಬಹುದು. ನಾಲ್ಕು ಮನೆಗಳಲ್ಲಿ ಒಂದರ ಹಲೀಮ ಅದನ್ನು ನವೆಂಬರಿನಲ್ಲಿ ತಂದು, ಒಂಬತ್ತು ಕುಂಡಗಳಲ್ಲಿ ಗಿಡ್ಡ ಜಾತಿಯ ಟೊಮೆಟೊ ಸಸಿ ನೆಟ್ಟಿದ್ದಳು. ಅವಳಿಗೆ ಕ್ಲಿನಿಕ್ಕಿನಲ್ಲಿ ಕೆಲಸ. ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ಕತ್ತಲಾದ ಮೇಲೆ. ಹಾಗಾಗಿ ಗಿಡಗಳ ಜವಾಬ್ದಾರಿಯೆಲ್ಲ ಅತ್ತೆ ಬೀಯಮ್ಮನವರಿಗೆ ಬಂತು.

ಬೀಯಮ್ಮ ಚಳಿಗಾಲ ಕಳೆಯಲೆಂದು ಕಾಪುವಿನಿಂದ ವಿಸಿಟ್ ವೀಸಾದಲ್ಲಿ ಬಂದವರು. ಮಗ ಮಸೂದನ ಕೆಲಸ ದೂರದ ಮದೀನತ್ ಜಾಯೆದಿನಲ್ಲಿ. ಅವನು ಮನೆಗೆ ಬರುವುದು ವಾರದ ಕೊನೆಗೆ. ಊರಿನಲ್ಲಿ ಕೂರಲು ಪುರುಸೊತ್ತಿಲ್ಲದ ಹೆಂಗಸಿಗೆ ಇಲ್ಲಿ ಅನ್ನಕ್ಕೆ ಕುಕ್ಕರು, ಬಟ್ಟೆಗೆ ಮೆಷಿನ್ನು. ಸೊಸೆ ಹೊರಟ ಮೇಲೆ ಫ್ರಿಜ್ಜಿನ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಮೊದಲ ವಾರಗಳಲ್ಲಿ ತನ್ನ ಕೈಗಳನ್ನು ಎಲ್ಲಿಡಬೇಕೆಂದೇ ಅವರಿಗೆ ತಿಳಿದಿರಲಿಲ್ಲ. ಗಿಡ ಬಂದ ಮೇಲೆ ಕೈಗೆ ಕೆಲಸ ಸಿಕ್ಕಿತು. ಬಾಯಿಗೂ ಸಿಕ್ಕಿತು, ಏಕೆಂದರೆ ಗಿಡಗಳ ಹತ್ತಿರ ಅವರು ಬ್ಯಾರಿ ಭಾಷೆಯಲ್ಲಿ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರು.

ಆದರೆ ಗಿಡದಲ್ಲಿ ಎಲೆ ದಟ್ಟವಾಯಿತೇ ಹೊರತು ಕಾಯಿ ಆಗಲಿಲ್ಲ. ಹಳದಿ ಹೂವು ಬಂದದ್ದೇ ಉದುರಿಹೋಗುತ್ತಿತ್ತು.

ಆ ಶನಿವಾರ ಮಸೂದ್ ಮುಖ ಗಂಟಿಕ್ಕಿಕೊಂಡು ಬಂದು ಕೂತ. ವಿಲ್ಲಾದ ಯಜಮಾನರು, ವಯಸ್ಸಾದ ಅರಬ್ಬಿ, ಅವನಿಗೆ ಫೋನ್ ಮಾಡಿದ್ದರಂತೆ. ಅಂಗಳದ ನಾತದ ದೂರು ಅವರವರೆಗೂ ಹೋಗಿತ್ತು. ಬೆಕ್ಕುಗಳ ಕಾವಲು ನೋಡಿ ಎಲ್ಲರ ಅನುಮಾನ ಹಸಿರುಮನೆಯ ಮೇಲೇ ಬಿದ್ದಿತ್ತು.

"ಫೆಬ್ರವರಿ ಒಂದಕ್ಕೆ ಬಂದು ನೋಡ್ತಾರಂತೆ. ನಾತ ಇದ್ರೆ ಖಲಾಸ್, ಅವತ್ತೇ ಹಸಿರುಮನೆ ಬಿಚ್ಚಿ ಹೊರಗೆ ಹಾಕ್ಬೇಕು," ಎಂದ. "ನಾಲ್ಕು ಕಾಯಿ ಆಗಿದ್ರೆ ನಾನೂ ಮಾತಾಡ್ಬಹುದಿತ್ತು ಉಮ್ಮ. ಇದ್ರಲ್ಲಿ ಎಂತ ಉಂಟು? ಬರೀ ಸೊಪ್ಪು."

ಬೀಯಮ್ಮ ಎದ್ದು ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೊಮ್ಮೆ ತೊಳೆದರು. ಹಸಿರುಮನೆ ಹೋದರೆ ಮತ್ತೆ ಆ ಫ್ರಿಜ್ಜಿನ ಸದ್ದು. ಅದನ್ನು ಮಗನಿಗೆ ಹೇಗೆ ಹೇಳುವುದು?

ಅತ್ತೆಯ ಮನಸ್ಸು ಹಲೀಮಳಿಗೆ ಅರ್ಥವಾಯಿತು. ಮರುದಿನ ಅವಳು ಮೇಲಿನ ಮನೆಯ ಜಲಜಾಕ್ಷಿಯನ್ನು ಕರೆದುಕೊಂಡು ಬಂದಳು. ಜಲಜಾಕ್ಷಿ ಉಡುಪಿ ಕಡೆಯವಳು, ಸಸಿ ಮಾರುವ ನರ್ಸರಿಯೊಂದರ ಆಫೀಸಿನಲ್ಲಿ ಕೆಲಸ. ಆರು ಚಳಿಗಾಲದಿಂದ ಟೆರೇಸಿನಲ್ಲಿ ಇದೇ ಗಿಡ್ಡ ಟೊಮೆಟೊ ಬೆಳೆಸುತ್ತಿದ್ದಾಳೆ. ಝಿಪ್ ಎಳೆದವಳೇ ಎರಡು ಹೆಜ್ಜೆ ಹಿಂದೆ ಸರಿದು ದುಪ್ಪಟ್ಟಾವನ್ನು ಮೂಗಿಗೆ ಒತ್ತಿಕೊಂಡಳು. ಆಮೇಲೆ ಬಗ್ಗಿ ಒಳಗೆ ಹೋಗಿ ಒಂದೊಂದೇ ಕುಂಡವನ್ನು ನೋಡಿ ಹೊರಗೆ ಬಂದಳು.

"ಇದಕ್ಕೆ ಮೀನು ತೊಳೆದ ನೀರು ಹಾಕಿದ್ದು ಯಾರು?"

ಹಲೀಮ ಅತ್ತೆಯ ಕಡೆ ನೋಡಿದಳು. ಬೀಯಮ್ಮ ಝಿಪ್ಪಿನ ಕಡೆ ನೋಡಿದರು.

"ತಿಂಗಳಾದ್ರೂ ಗಿಡ ಮೊಣಕಾಲಿಗೆ ಬರ್ಲಿಲ್ಲ," ಎಂದರು ಬೀಯಮ್ಮ. "ಹೊಟ್ಟೆಗೆ ಸಿಗದ ಮಕ್ಕಳ ಹಾಗೆ ನಿಂತಿದ್ವು. ನೋಡ್ಲಿಕ್ಕೆ ಆಗ್ಲಿಲ್ಲ, ಹಾಕಿದೆ. ದಿನಾ ಅಲ್ಲ, ಮೀನು ತಂದ ದಿನ ಮಾತ್ರ."

"ಮೀನು ತರದ ದಿನ ನಮ್ಮ ಮನೆಯಲ್ಲಿ ಯಾವುದುಂಟು ಮಾಮಿ?" ಎಂದಳು ಹಲೀಮ.

ಜಲಜಾಕ್ಷಿಗೆ ನಗು ಬಂತು. "ಬೀಯಮ್ಮಕ್ಕ, ಇವು ಬೆಳೆಯದ ಗಿಡ ಅಲ್ಲ. ಇವುಗಳ ಎತ್ತರವೇ ಇಷ್ಟು, ಜಾತಿಯೇ ಗಿಡ್ಡ. ನನ್ನನ್ನು ನೋಡಿ. ನಲವತ್ತೈದು ವರ್ಷ ಮೀನು ತಿಂದೆ, ಉದ್ದ ಆದೆನಾ?"

ಬೀಯಮ್ಮ ಅಷ್ಟಕ್ಕೆ ಒಪ್ಪಲಿಲ್ಲ. ಊರಿನಲ್ಲಿ ಮಲ್ಲಿಗೆಗೂ ಬಸಳೆಗೂ ತಾನು ಇದೇ ನೀರು ಹಾಕುತ್ತ ಬಂದವಳು, ಒಂದು ಗಿಡವೂ ಕೆಟ್ಟಿಲ್ಲ ಎಂದು ವಾದಿಸಿದರು. ಅದು ಸುಳ್ಳಲ್ಲ, ತನ್ನ ಅಮ್ಮನೂ ಹಾಗೆಯೇ ಮಾಡುತ್ತಾಳೆ ಎಂದಳು ಜಲಜಾಕ್ಷಿ. ಆಮೇಲೆ ಕುಂಡದ ಮಣ್ಣಿನ ಮೇಲೆ ಹೆಪ್ಪುಗಟ್ಟಿದ್ದ ಬಿಳಿ ಪದರವನ್ನು ಉಗುರಿನಿಂದ ಕೆರೆದು ಬೀಯಮ್ಮನ ಅಂಗೈಗೆ ಹಾಕಿದಳು.

"ಬಂಗುಡೆಗೆ ಕಲ್ಲುಪ್ಪು ಉಜ್ಜಿಯೇ ಅಲ್ವಾ ನಾವು ತೊಳೆಯುದು? ಆ ಉಪ್ಪು ಇದು. ಊರಲ್ಲಿ ನಾಲ್ಕು ತಿಂಗಳು ಮಳೆ ಬಂದು ಎಲ್ಲ ತೊಳೆದುಕೊಂಡು ಹೋಗ್ತದೆ. ಇಲ್ಲಿ ತೊಳೆಯುವವರು ಯಾರು?"

ಬೀಯಮ್ಮ ಆ ಪುಡಿಯನ್ನು ಬೆರಳ ನಡುವೆ ಉಜ್ಜಿ ನೋಡಿದರು. ಇಷ್ಟು ವರ್ಷ ತನ್ನ ಕೈಗುಣ ಎಂದುಕೊಂಡದ್ದರಲ್ಲಿ ಮಳೆಯ ಪಾಲೂ ಇತ್ತು. ಆ ಮಾತು ಒಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಇನ್ನೊಂದು ತಪ್ಪೂ ಇತ್ತು. ಬೀಯಮ್ಮನಿಗೆ ಇಲ್ಲಿಯ ಚಳಿ ಹೊಸದು. ತಾನು ಸ್ವೆಟರ್ ಬಿಚ್ಚದಿರುವಾಗ ಗಿಡಕ್ಕೂ ಚಳಿಯೆಂದು ಎರಡೂ ಬಾಗಿಲನ್ನು ಹಗಲೂ ರಾತ್ರಿ ಮುಚ್ಚಿಟ್ಟಿದ್ದರು. ಜಲಜಾಕ್ಷಿ ಏನೂ ವಿವರಿಸಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಮುಚ್ಚಿ ಐದು ನಿಮಿಷ ಒಳಗೆ ನಿಲ್ಲಿ ಎಂದಳು. ಬೀಯಮ್ಮ ಎರಡೇ ನಿಮಿಷದಲ್ಲಿ ಸ್ವೆಟರನ್ನು ಕೈಯಲ್ಲಿ ಹಿಡಿದು ಹೊರಗೆ ಬಂದರು.

"ಹೂವಿಗೂ ಇದೇ ಕಷ್ಟ," ಎಂದಳು ಜಲಜಾಕ್ಷಿ.

ಅಂದೇ ಕೆಲಸ ಶುರುವಾಯಿತು. ಮಣ್ಣಿನ ಮೇಲಿನ ಬಿಳಿ ಪದರವನ್ನು ಕೆರೆದು ತೆಗೆದರು. ಒಂದೊಂದು ಕುಂಡಕ್ಕೂ ನಲ್ಲಿಯ ನೀರನ್ನು, ತಳದ ತೂತಿನಿಂದ ಧಾರಾಳವಾಗಿ ಹರಿದು ಹೋಗುವಷ್ಟು, ಮೂರು ಸಲ ಹೊಯ್ದರು. ನಾಲ್ಕು ದಿನ ಬಿಟ್ಟು ಮತ್ತೊಮ್ಮೆ. ಬೆಳಿಗ್ಗೆ ಬಿಸಿಲೇರಿದ ಕೂಡಲೇ ಎರಡೂ ಬಾಗಿಲು ತೆರೆಯುವುದು, ಸೂರ್ಯ ಇಳಿಯುವಾಗ ಮುಚ್ಚುವುದು, ಧೂಳುಗಾಳಿ ಎದ್ದರೆ ಆ ಕಡೆಯದನ್ನು ಮಾತ್ರ ಮುಚ್ಚುವುದು. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಬೆಳಿಗ್ಗೆ ಬುಡಕ್ಕಷ್ಟೇ ನೀರು. ಕಾಯಿ ಕಚ್ಚುವವರೆಗೆ ಗೊಬ್ಬರದ ಮಾತಿಲ್ಲ. ಗಿಡ್ಡ ಜಾತಿಯಾದ್ದರಿಂದ ಕವಲು ಚಿವುಟುವುದೂ ಬೇಡ, ಒರಗಲು ಒಂದು ಸಣ್ಣ ಕೋಲು ಸಾಕು.

ಹತ್ತು ಗಂಟೆಯ ಹೊತ್ತಿಗೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಬೇಕು ಎಂದೂ ಜಲಜಾಕ್ಷಿ ಹೇಳಿದ್ದಳು. ಪ್ಲಾಸ್ಟಿಕ್ಕಿನ ಒಳಗೆ ಗಾಳಿ ಕಡಿಮೆ. ತಟ್ಟಿದರೆ ಪರಾಗದ ಹುಡಿ ಹೂವಿನೊಳಗೇ ಉದುರಿ ಕಾಯಿ ಕಟ್ಟುತ್ತದೆ. ಮೊದಲ ದಿನ ಬೀಯಮ್ಮ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಿಸ್ಮಿಲ್ಲಾ ಎಂದು ತಟ್ಟಿದರು.

ಎರಡು ಗಿಡ ಉಳಿಯಲಿಲ್ಲ. ಉಳಿದ ಏಳು ಚೇತರಿಸಿಕೊಂಡವು. ವಾರದಲ್ಲಿ ನಾತ ಹೋಯಿತು, ಬೆಕ್ಕುಗಳೂ ಬೇರೆ ದಾರಿ ಹಿಡಿದವು. ಜನವರಿ ನಡುವಿನ ಒಂದು ಬೆಳಿಗ್ಗೆ, ಒಣಗಿದ ಹೂವಿನ ಹಿಂದೆ ಕೊತ್ತಂಬರಿ ಕಾಳಿನಷ್ಟು ಹಸಿರು ಉಂಡೆಯೊಂದು ಬೀಯಮ್ಮನಿಗೆ ಕಂಡಿತು. ಇಡೀ ದಿನ ಅವರು ಅದನ್ನು ಯಾರಿಗೂ ಹೇಳಲಿಲ್ಲ. ಸಂಜೆ ಸೊಸೆ ಚಪ್ಪಲಿ ಬಿಚ್ಚುವ ಮೊದಲೇ ಕೈಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದರು.

ಫೆಬ್ರವರಿ ಒಂದರಂದು ಯಜಮಾನರು ಬಂದರು. ಮಸೂದ್ ರಜೆ ಹಾಕಿ ಬಂದಿದ್ದ. ಮುದುಕರು ಬಗ್ಗಿ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬೀಯಮ್ಮ ಗೋಡೆಗೆ ಒರಗಿ ನಿಂತೇ ಇದ್ದರು. ಕೊನೆಗೆ ಯಜಮಾನರು ಹೊರಗೆ ಬಂದು, ಮರ್ಯಾದೆಯಿಂದ, ಬಾಗಿಲಿನ ಝಿಪ್ಪನ್ನು ಪೂರ್ತಿ ಎಳೆದು ಮುಚ್ಚಿದರು.

"ಮುಚ್ಚಬೇಡಿ," ಎಂದರು ಬೀಯಮ್ಮ.

ಮಸೂದ್ ಬೆಚ್ಚಿ ತಾಯಿಯ ಕಡೆ ತಿರುಗಿದ. ಅಷ್ಟರಲ್ಲಿ ಅವರು ಮುಂದೆ ಹೋಗಿ ಝಿಪ್ ತೆರೆದಾಗಿತ್ತು. "ಬಿಸಿಲಿರುವಾಗ ತೆರೆದಿರ್ಬೇಕು, ಇಲ್ಲದಿದ್ರೆ ಹೂ ಉದುರ್ತದೆ ಅಂತ ಹೇಳು ಅವರಿಗೆ."

ಮಸೂದ್ ತಡವರಿಸುತ್ತ ಅರಬ್ಬಿಯಲ್ಲಿ ಹೇಳಿದ. ಯಜಮಾನರು ಗಡ್ಡ ನೀವಿಕೊಂಡು ನಕ್ಕರು. ಎಲೆಗಳ ನಡುವೆ ಗೋಲಿಯಷ್ಟು ಹಸಿರು ಕಾಯಿಗಳು ತೂಗುತ್ತಿದ್ದವು. ಬೇಸಿಗೆ ಬರುವವರೆಗೆ ಇದು ಇಲ್ಲೇ ಇರಲಿ, ಮುಂದಿನ ಚಳಿಗಾಲ ನನ್ನ ಮನೆಗೂ ಎರಡು ಸಸಿ ಬೇಕು ಎಂದರಂತೆ.

"ಕೊಡುವಾ," ಎಂದರು ಬೀಯಮ್ಮ. "ಮೊದಲು ಅವರ ಮನೆಯಲ್ಲಿ ಮೀನು ತೊಳೆದ ನೀರು ಎಲ್ಲಿ ಚೆಲ್ತಾರೆ ಅಂತ ಕೇಳು."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಐದಾರು ಗಂಟೆ ಬಿಸಿಲು ಬೀಳುವ ಒಂದು ಮೂಲೆ ನಿಮಗಿದ್ದರೆ ಗಿಡ್ಡ ಟೊಮೆಟೊಗೆ ಅದು ಧಾರಾಳವಾಯಿತು. ಮನೆಯ ಯಜಮಾನರನ್ನು ಮೊದಲೇ ಕೇಳಿಕೊಳ್ಳಿ. ಮೀನು ನೀರನ್ನು ಮೋರಿಗೆ ಚೆಲ್ಲಿ, ಗಿಡಕ್ಕೆ ಸಿಹಿನೀರು ಕೊಡಿ, ಹಸಿರುಮನೆ ಇದ್ದರೆ ಹಗಲು ಅದರ ಬಾಗಿಲು ತೆರೆದಿಡಿ. ಇಲ್ಲಿಯ ಚಳಿಗಾಲ ಚಿಕ್ಕದು, ಅಕ್ಟೋಬರ್ ಮುಗಿಯುವ ಮೊದಲೇ ಸಸಿ ತನ್ನಿ. ನಿಮ್ಮ ಮನೆಯಲ್ಲಿಯೋ ಪಕ್ಕದ ಮನೆಯಲ್ಲಿಯೋ ಇಡೀ ದಿನ ಮಾತಿಲ್ಲದೆ ಕೂತಿರುವವರು ಯಾರಾದರೂ ಇದ್ದರೆ, ಎರಡು ಕುಂಡ ಅವರ ಕೈಗೆ ಕೊಡಿ.