ಗೇಟಿನೊಳಗಿನ ಕಲ್ಲು

“ಎತ್ರಲೇ ಬೋಳಿಮಕ್ಳಾ! ಬೆಳಗ್ಗೆ ತಿಂದಿದ್ದೆಲ್ಲ ಎಲ್ಲೋಯ್ತು?”

ಚೇರ್ಮನ್ ಸೋಮಲಿಂಗಪ್ಪನವರು ಕೊಡೆ ಹಿಡಿದುಕೊಂಡು ಬೈಯುತ್ತಿದ್ದರು. ನಾವು ಕೇರಿಯ ಎಂಟು ಜನ ಗಳಕ್ಕೆ ಹೆಗಲು ಕೊಟ್ಟು ಕಲ್ಲನ್ನು ಬಸವಣ್ಣನ ಗುಡಿಯ ಕಾಂಪೌಂಡಿನೊಳಗೆ ಹೊತ್ತುಕೊಂಡು ಹೋದೆವು. ಮೂವತ್ತೈದು ವರ್ಷದ ಆಯಸ್ಸಿನಲ್ಲಿ ನಾನು ಆ ಗೇಟು ದಾಟಿದ್ದು ಅದೇ ಮೊದಲು. ಕಲ್ಲು ಹೊತ್ತವನಿಗೆ ಮೈಲಿಗೆ ಇಲ್ಲವಂತೆ. ಗುಂಡಿಗೆ ಇಳಿಸಿ ಮಣ್ಣು ತುಳಿದು ಮುಗಿಸಿದ ಕೂಡಲೇ ಮೈಲಿಗೆ ವಾಪಸು ಬಂತು. “ಆಯ್ತಲ್ಲ, ಹೊರಡ್ರಿ” ಎಂದ ಪೂಜಾರಿ, ನಾವು ಕಾಲಿಟ್ಟ ಕಡೆಯೆಲ್ಲ ಗಂಜಲ ಚಿಮುಕಿಸಿದ.

ಆ ಕಲ್ಲು ನಮ್ಮ ಕೇರಿಯ ಬಾಯಲ್ಲೇ ಐವತ್ತು ವರ್ಷ ನಿಂತಿತ್ತು. ಪಟ್ಟಣದ ಕಡೆಯಿಂದ ವಿಜಯನಗರದ ಹೊಸ ಲೇಔಟು ಊರಿನ ಹೊಲಗಳನ್ನು ನುಂಗುತ್ತಾ ಬಂದಾಗ ರಸ್ತೆಗೆ ಅಡ್ಡವೆಂದು ಕೆಡವಿದ್ದರು. ಬಾಂಗ್ಲಾ ಯುದ್ಧ ಗೆದ್ದ ಮರುವರ್ಷ, ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿದಾಗ, ಊರ ದೊಡ್ಡವರಿಗೆ ಇದ್ದಕ್ಕಿದ್ದಂತೆ ಅದರ ಮೇಲೆ ಪ್ರೀತಿ ಉಕ್ಕಿತು. ತೊಳೆಸಿ, ಅಕ್ಷರಗಳಿಗೆ ಕಪ್ಪು ಬಣ್ಣ ತುಂಬಿಸಿದರು. “ಈ ಗ್ರಾಮದಿಂದ ಹನ್ನೊಂದು ಮಂದಿ 1914ರ ಮಹಾಯುದ್ಧಕ್ಕೆ ಹೋದರು. ಒಬ್ಬನು ಮಡಿದನು.”

ಹನ್ನೊಂದರಲ್ಲಿ ಚೇರ್ಮನ್ನರ ದೊಡ್ಡಪ್ಪ ಒಬ್ಬರು. ವಾಪಸು ಬಂದು, ಪೆನ್ಷನ್ ತಿಂದು, ಮಂಚದ ಮೇಲೆ ಸತ್ತರು. ಮಡಿದವನು ನನ್ನ ತಾತ, ಸಮುದ್ರದಾಚೆ ಬಸ್ರಾದಲ್ಲಿ ದಂಡಿನ ಹೇಸರಗತ್ತೆ ನೋಡಿಕೊಳ್ಳುತ್ತಿದ್ದ ಆಳು. ಹೆಣ ಬರಲಿಲ್ಲ, ಮೂಳೆ ಬರಲಿಲ್ಲ, ಒಂದು ಫೋಟೋ ಕೂಡ ಇಲ್ಲ. ನಮ್ಮವ್ವ ಅಂಜಮ್ಮ ಆಗ ಅಜ್ಜಿಯ ಹೊಟ್ಟೆಯಲ್ಲಿದ್ದಳು. ಅಪ್ಪ ಎಂದು ಅವಳು ಮುಟ್ಟಿದ್ದು ಆ ಕಲ್ಲನ್ನೇ. ಪ್ರತಿ ಮಾಲಯ ಅಮಾವಾಸ್ಯೆಗೆ ಅವನಿಗೆ ಅಲ್ಲೇ ಎಡೆ ಇಡುತ್ತಿದ್ದಳು.

ಆ ವರ್ಷ ಅಮಾವಾಸ್ಯೆಗೆ ನಾಲ್ಕು ದಿನವಿರುವಾಗ ಅವ್ವ ಚೇರ್ಮನ್ನರ ಅಂಗಳದಲ್ಲಿ ಕೈಮುಗಿದು ನಿಂತಳು.

“ಸ್ವಾಮಿ, ಒಂದ್ಗಳಿಗೆ ಒಳಿಕ್ ಬುಡಿ. ಎಡೆ ಇಕ್ಬುಟ್ಟು ಬಂದ್ಬುಡ್ತೀನಿ.”

“ಬಸವಣ್ಣನ ಮುಂದೆ ಕೋಳಿ ಬಾಡಾ? ನಿನ್ ನಾಲಿಗೆ ಸೇದೋಗಾ! ಗೇಟಿಂದಾಚೆ ಇಕ್ಕು.”

“ಗೇಟ್ ತಾವಿಂದ ಕಲ್ಲು ಕಾಣಾಕಿಲ್ಲ ಸ್ವಾಮಿ. ನಮ್ಮಪ್ಪುಂಗೆ ಎಂಗ್ ಗೊತ್ತಾದಾತು?”

“ಸತ್ತು ಐವತ್ತಾರು ವರ್ಷ ಆಯ್ತು, ಆ ನನ್ಮಗನಿಗೆ ಇನ್ನೂ ಹಸಿವಾ?”

ಜಗಲಿಯ ಮೇಲಿದ್ದವರು ನಕ್ಕರು. ನಾನು ಅವ್ವನ ಪಕ್ಕದಲ್ಲೇ ಇದ್ದೆ. ನನ್ನ ಕೂಲಿ ಅವರ ತೋಟದಲ್ಲಿ.

ಮನೆಗೆ ಬಂದ ಮೇಲೆ ಅವ್ವ ಅಂದಿದ್ದು ಒಂದೇ ಮಾತು. “ನೀನೇ ಒತ್ಕೊಂಡೋಗಿ ಒಳಿಕ್ ಇಕ್ದೆ ಕಣ್ಲಾ.” ಅದರ ಬದಲು ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ಅಮಾವಾಸ್ಯೆಯ ಮಧ್ಯಾಹ್ನ ಪೂಜಾರಿ ಊಟಕ್ಕೆ ಹೋಗಿದ್ದ. ಗೇಟಿಗೆ ಬೀಗ ಹಾಕುವ ಪದ್ಧತಿ ಇರಲಿಲ್ಲ. ನಾವು ಒಳಗೆ ಹೋಗುವುದಿಲ್ಲ ಎನ್ನುವುದೇ ಬೀಗ. ಅವ್ವ ಕುಕ್ಕೆ ಹೊತ್ತುಕೊಂಡು ಸೀದಾ ಒಳಗೆ ನಡೆದಳು. ನಾನು ಹೊರಗೇ ನಿಂತು ಕಾಂಪೌಂಡಿನ ಗೋಡೆಯ ಮೇಲಿಂದ ಇಣುಕಿದೆ. ಎಲೆ ಹಾಸಿ, ಮುದ್ದೆ ಇಟ್ಟು, ಕೋಳಿಸಾರು ಬಡಿಸಿ, ಲೋಟಕ್ಕೆ ಸಾರಾಯಿ ಬಗ್ಗಿಸಿದಳು. ಕಲ್ಲಿಗೆ ಹಣೆ ಹಚ್ಚಿ ಏನೋ ಹೇಳಿದಳು. ಆಮೇಲೆ ಆಚೆ ಬಂದು, ಗೇಟೆಳೆದು ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ನಮ್ಮಲ್ಲಿ ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಆಚೆ ಬರಬೇಕು. ಸತ್ತವರು ಉಣ್ಣುವುದನ್ನು ಬದುಕಿರುವವರು ನೋಡಬಾರದು.

“ಬಾರವ್ವ, ಓಗಾನ. ಸಾಯಿಸ್ಬುಡ್ತಾರೆ.”

“ಸುಮ್ಕಿರ್ಲಾ. ಅಪ್ಪ ಉಣ್ಬೇಕು.”

ಪೂಜಾರಿ ಬಂದು ನೋಡಿ, ಬೊಬ್ಬೆ ಹಾಕುತ್ತಾ ಓಡಿದ. ಚೇರ್ಮನ್ನರು ಹತ್ತು ಜನರನ್ನು ಕಟ್ಟಿಕೊಂಡು ಬಂದರು.

“ಗೇಟ್ ಬಿಡೇ ಲೌಡಿ!”

“ಒಸಿ ತಡ್ಕಳಿ ಸ್ವಾಮಿ. ಉಣ್ಣೋವಾಗ ಯಾರೂ ಒಳಿಕ್ ಓಗ್ಬಾರ್ದು.”

ಅವಳನ್ನು ಪಕ್ಕಕ್ಕೆ ತಳ್ಳಬೇಕಾದರೆ ಮುಟ್ಟಬೇಕು. ಮುಟ್ಟಲು ಆ ಹತ್ತು ಜನರಲ್ಲಿ ಒಬ್ಬನಿಗೂ ಮನಸ್ಸಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಚೇರ್ಮನ್ನರು ನನ್ನತ್ತ ತಿರುಗಿದರು.

“ಏಯ್ ಬೈರಾ, ಎಳ್ಕೊಂಡ್ ಹೋಗೋ ನಿಮ್ಮವ್ವನ್ನ! ಇಲ್ದಿದ್ರೆ ನಾಳೆಯಿಂದ ತೋಟಕ್ಕೆ ಕಾಲಿಟ್ರೆ ಕಾಲು ಮುರೀತೀನಿ.”

ನಾನು ಗೇಟಿನ ಹತ್ತಿರ ಹೋದೆ. ಅವ್ವನ ಪಕ್ಕ ಬೆನ್ನು ಕೊಟ್ಟು ನಿಂತೆ. ರಸ್ತೆಗೆಂದು ಸುರಿದಿದ್ದ ಜಲ್ಲಿ ರಾಶಿಯ ಕಡೆ ಇಬ್ಬರು ಬಗ್ಗಿದರು. ಮೊದಲ ಕಲ್ಲು ನನ್ನ ಕಿವಿಯ ಪಕ್ಕ ಗೇಟಿಗೆ ಬಡಿಯಿತು.

“ಅವ್ವಾ, ತಾತ ಉಂಡಾಯ್ತಾ?”

“ಇನ್ನೂ ಇಲ್ಲ ಕಣ್ಲಾ. ಬಸ್ರಾದಿಂದ ಬರ್ಬೇಕು, ತಡ ಆಯ್ತದೆ.”